ಕದಡಿದ್ದು ನೀರಿನಿಂದ, ಹುಳಿ ಬಂದದ್ದು ಹಣ್ಣಿನಿಂದ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮ ಮನೆ ಕಾರವಾರದಲ್ಲಿ, ಸಮುದ್ರಕ್ಕೆ ಹತ್ತಿರ. ರಜೆ ಶುರುವಾದಾಗಿನಿಂದ ಮಕ್ಕಳಿಗೆ ಐಸ್ ಟೀ ಹುಚ್ಚು. ಅಂಗಡಿಯ ಪುಡಿ ಬೇಡ ಅಂತ ಮನೆಯಲ್ಲೇ ಮಾಡಿದೆ. ಬಾವಿ ನೀರಿಗೆ ಚಹಾಪುಡಿ ಹಾಕಿ ಹತ್ತು ನಿಮಿಷ ಕುದಿಸಿ, ಸೋಸಿ, ಸಕ್ಕರೆ, ಮಾವಿನ ರಸ, ಅನಾನಸ್ ರಸ ಬೆರೆಸಿ ಎರಡು ಲೀಟರ್ ಬಾಟಲಿಗೆ ತುಂಬಿಸಿ ಫ್ರಿಜ್‌ನಲ್ಲಿಟ್ಟೆ. ಒಂದು ಗಂಟೆಯಲ್ಲಿ ಕೆಸರು ನೀರಿನ ಹಾಗೆ ಕದಡಿತು. ರುಚಿ ಕಹಿ. ಮರುದಿನ ಮಧ್ಯಾಹ್ನ ಪೂರ್ತಿ ಕರೆಂಟ್ ಇರಲಿಲ್ಲ. ಮೂರನೇ ದಿನ ಮುಚ್ಚಳ ತೆಗೆದರೆ ‘ಟಪ್’ ಅಂತ ಶಬ್ದ, ನೊರೆ. ಭಯವಾಗಿ ಚೆಲ್ಲಿದೆ. ತಂಗಳು ಚಹಾ ವಿಷ, ಚಹಾಕ್ಕೆ ಹಣ್ಣು ಸೇರಲೇಬಾರದು ಅಂತ ನಮ್ಮತ್ತೆ ಹೇಳುತ್ತಾರೆ. ಆದರೆ ಶಿರಸಿಯ ತವರುಮನೆಯಲ್ಲಿ ಅದೇ ಪುಡಿಯಲ್ಲಿ ಮಾಡಿದಾಗ ಕನ್ನಡಿಯ ಹಾಗೆ ತಿಳಿಯಾಗಿತ್ತು. ಅಲ್ಲಿಂದ ಕ್ಯಾನಿನಲ್ಲಿ ನೀರು ತರಬೇಕಾ? ಮುರುಗಲು (ಕೋಕಂ) ಹಾಕಬಹುದಾ? ಮಗನಿಗೆ 7 ವರ್ಷ, ಮಗಳಿಗೆ 13. ಮಗಳಿಗೆ ರಕ್ತ ಕಡಿಮೆ ಇದೆ ಅಂತ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಅವಳಿಗೆ ಕೊಡಬಹುದಾ?

ಉತ್ತರ: ಮೊದಲಿಗೆ, ಚೆಲ್ಲಿದ್ದು ಒಳ್ಳೆಯದಾಯಿತು. ಅಷ್ಟು ಸಕ್ಕರೆ, ಅಷ್ಟು ಹಣ್ಣು ಹಾಳಾಯಿತಲ್ಲ ಅಂತ ನಿಮಗೆ ಬೇಜಾರಾಗಿರುತ್ತದೆ. ಆದರೂ ಬೇರೆ ದಾರಿ ಇರಲಿಲ್ಲ.

ನಿಮ್ಮ ಬಾಟಲಿಯಲ್ಲಿ ಎರಡು ಬೇರೆ ಬೇರೆ ಸಂಗತಿ ನಡೆದಿವೆ. ನೀವು ಎರಡನ್ನೂ ಒಂದೇ ಅಂದುಕೊಂಡು ಹೆದರಿದ್ದೀರಿ. ಒಂದು ಗಂಟೆಯಲ್ಲಿ ಕದಡಿದ್ದು ಚಹಾ ಮತ್ತು ನೀರಿನ ವಿಷಯ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಮೂರನೇ ದಿನ ‘ಟಪ್’ ಅಂದದ್ದು ಹಣ್ಣಿನ ವಿಷಯ. ಅದು ನಿಜವಾಗಿಯೂ ಹಾಳಾಗಿತ್ತು. ಹಣ್ಣು ಸಂಸ್ಕರಣೆಯ ತರಬೇತಿಗೆ ಬರುವ ಹೆಂಗಸರಲ್ಲೂ ಈ ಗೊಂದಲವನ್ನು ನೋಡುತ್ತಿರುತ್ತೇನೆ. ಕದಡಿದ್ದನ್ನು ಕೆಟ್ಟಿದೆ ಅಂತ ಚೆಲ್ಲುತ್ತಾರೆ. ತಿಳಿಯಾಗಿ ಕಂಡದ್ದನ್ನು ಚೆನ್ನಾಗಿದೆ ಅಂತ ನಾಲ್ಕು ದಿನ ಇಟ್ಟು ಕುಡಿಯುತ್ತಾರೆ. ಇದರಲ್ಲಿ ಎರಡನೆಯದೇ ಅಪಾಯ.

ಕದಡುವುದು ಯಾಕೆ ಅಂತ ನೋಡೋಣ. ಚಹಾದ ಒಗರಿನ ಅಂಶಗಳೂ ಕೆಫೀನೂ ಬಿಸಿ ನೀರಿನಲ್ಲಿ ಚೆನ್ನಾಗಿ ಕರಗಿರುತ್ತವೆ. ತಣ್ಣಗಾದಾಗ ಅವು ಒಂದಕ್ಕೊಂದು ಅಂಟಿಕೊಂಡು ಸಣ್ಣ ಕಣಗಳಾಗುತ್ತವೆ. ಬೆಳಕು ಆಚೆ ಹಾಯುವುದಿಲ್ಲ, ನಮಗೆ ಅದು ಕೆಸರಿನ ಹಾಗೆ ಕಾಣುತ್ತದೆ. ಚಹಾ ರುಚಿ ನೋಡುವ ಕಸುಬಿನವರು ಇದಕ್ಕೆ ‘ಕ್ರೀಮ್’ ಅನ್ನುತ್ತಾರೆ. ಅಸ್ಸಾಂ ಚಹಾದಲ್ಲಿ ಹೀಗೆ ಕ್ರೀಮ್ ಕಟ್ಟುವುದು ಗಟ್ಟಿ ಚಹಾದ ಲಕ್ಷಣ ಅಂತಲೇ ಅವರ ಲೆಕ್ಕ. ಪರೀಕ್ಷೆ ಬೇಕಿದ್ದರೆ ಕದಡಿದ ಚಹಾಕ್ಕೆ ಸ್ವಲ್ಪ ಕುದಿಯುವ ನೀರು ಹಾಕಿ ನೋಡಿ. ಕಣ್ಣೆದುರೇ ತಿಳಿಯಾಗುತ್ತದೆ. ಕೆಟ್ಟುಹೋದದ್ದು ಹಾಗೆಲ್ಲ ತಿಳಿಯಾಗುವುದಿಲ್ಲ.

ಚಹಾ ಗಟ್ಟಿಯಾದಷ್ಟೂ ಕದಡುವುದು ಜಾಸ್ತಿ. ನೀವು ಹತ್ತು ನಿಮಿಷ ಕುದಿಸಿದ್ದೀರಿ. ನಮ್ಮ ಮನೆಗಳಿಗೆ ಬರುವ ಕಾಳು ಕಾಳಾದ ಪುಡಿ ಸಿಟಿಸಿ ಚಹಾ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಆ ಪದ್ಧತಿ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದದ್ದು. ಹಾಲು ಹಾಕಿದರೂ ಬಣ್ಣ, ಖಾರ ನಿಲ್ಲುವಂಥ ಚಹಾ ಅದು. ಬೇಗ ಬಿಟ್ಟುಕೊಳ್ಳುತ್ತದೆ, ಪೂರ್ತಿ ಬಿಟ್ಟುಕೊಳ್ಳುತ್ತದೆ. ಹಾಲಿನ ಚಹಾದಲ್ಲಿ ಆ ಒಗರನ್ನು ಹಾಲು ಹಿಡಿದಿಡುತ್ತದೆ. ಐಸ್ ಟೀಯಲ್ಲಿ ಹಿಡಿದಿಡುವವರು ಯಾರೂ ಇಲ್ಲ. ಹಾಗಾಗಿ ಕಹಿ. ಇದು ನಿಮ್ಮ ಕೈರುಚಿಯ ತಪ್ಪಲ್ಲ, ಹಾಲಿನ ಚಹಾದ ಅಭ್ಯಾಸ ಕೈಯಲ್ಲಿ ಕೂತಿದೆ ಅಷ್ಟೇ.

ಈಗ ನೀರಿಗೆ ಬರೋಣ. ನೀವು ಶಿರಸಿಯ ವಿಷಯ ಬರೆದದ್ದು ನನಗೆ ಬಹಳ ಉಪಯೋಗವಾಯಿತು. ಪುಡಿ ಒಂದೇ, ಕೈ ಒಂದೇ, ನೀರು ಮಾತ್ರ ಬೇರೆ. ಬೇಸಿಗೆಯಲ್ಲಿ ಸಮುದ್ರದ ಪಕ್ಕದ ಬಾವಿಗಳಲ್ಲಿ ಸಿಹಿನೀರು ಕೆಳಗಿಳಿಯುತ್ತದೆ, ಆ ಜಾಗಕ್ಕೆ ಉಪ್ಪುನೀರು ತಳ್ಳಿಕೊಂಡು ಬರುತ್ತದೆ. ಏಪ್ರಿಲ್, ಮೇ ಬಂತೆಂದರೆ ಕಾರವಾರ, ಅಂಕೋಲಾ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೋಪು ನೊರೆ ಬರುವುದಿಲ್ಲ. ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಬೇಯುವುದಿಲ್ಲ. ಬೇಳೆ ಬೇಯದಂತೆ ಮಾಡುವ ಕ್ಯಾಲ್ಸಿಯಂ ಇದೆಯಲ್ಲ, ಅದೇ ಚಹಾದ ಒಗರಿನ ಜೊತೆ ಕೂಡಿ ಚಹಾವನ್ನೂ ಕದಡಿಸುತ್ತದೆ. ಘಟ್ಟದ ಮೇಲಿನ ಜಂಬಿಟ್ಟಿಗೆ ಮಣ್ಣಿನ ಬಾವಿಗಳಲ್ಲಿ ನೀರು ಸಾಮಾನ್ಯವಾಗಿ ಮೆದು. ಅಲ್ಲಿ ಬೇಳೆಯೂ ಬೇಯುತ್ತದೆ, ಚಹಾವೂ ತಿಳಿಯಾಗಿರುತ್ತದೆ.

ಒಮ್ಮೆ ಕುಮಟಾದಲ್ಲಿ ತರಬೇತಿ ಇದ್ದಾಗ ಇದನ್ನು ಮಾಡಿ ತೋರಿಸಿದ್ದೆ. ಬೆಳಿಗ್ಗೆ ಶಿರಸಿಯಿಂದ ಹೊರಡುವಾಗ ನಮ್ಮ ಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ದೇವಿಮನೆ ಘಟ್ಟ ಇಳಿದೆ. ಅಲ್ಲಿ ಸಮುದ್ರದ ಹತ್ತಿರದ ಮನೆಯೊಂದರಿಂದ ಒಂದು ತಂಬಿಗೆ ನೀರು ತರಿಸಿದೆ. ಎರಡನ್ನೂ ಬೇರೆ ಬೇರೆ ಕುದಿಸಿ, ಒಂದೇ ಅಳತೆ ಪುಡಿ, ಒಂದೇ ಹೊತ್ತು. ಎರಡು ಗಾಜಿನ ಲೋಟಕ್ಕೆ ಬಗ್ಗಿಸಿ ಹಿಂದೆ ದಿನಪತ್ರಿಕೆ ನಿಲ್ಲಿಸಿದೆ. ನಮ್ಮ ಬಾವಿ ನೀರಿನ ಲೋಟದ ಮೂಲಕ ಸಣ್ಣ ಅಕ್ಷರವನ್ನೂ ಓದಬಹುದಿತ್ತು. ಇನ್ನೊಂದರಲ್ಲಿ ದಪ್ಪ ತಲೆಬರಹ ಕೂಡ ಮಸುಕು. ಅದರ ಮೇಲೆ ತೆಳ್ಳಗೆ ಒಂದು ಪದರ ಕಟ್ಟಿತ್ತು. ಚಮಚದ ತುದಿ ತಾಗಿಸಿದರೆ ಗಾಜು ಒಡೆದ ಹಾಗೆ ಬಿರುಕು ಬಿಟ್ಟು ತುಂಡು ತುಂಡಾಗಿ ತೇಲಿತು. ಎಣ್ಣೆ ಪಾತ್ರೆ ಸರಿಯಾಗಿ ತೊಳೆದಿಲ್ಲ ಅಂತ ಎಷ್ಟೋ ಮನೆಗಳಲ್ಲಿ ಇದಕ್ಕೇ ಬೈಸಿಕೊಳ್ಳುತ್ತಾರೆ. ಅದು ಎಣ್ಣೆಯಲ್ಲ. ಗಡಸು ನೀರೂ ಚಹಾವೂ ಗಾಳಿಯೂ ಸೇರಿ ಕಟ್ಟಿದ ಪದರ. ಆಮೇಲೆ ಅದಕ್ಕೆ ನಾಲ್ಕು ಹನಿ ಲಿಂಬೆರಸ ಹಿಂಡಿದೆ. ಕಂದು ಬಣ್ಣ ಆ ಕ್ಷಣಕ್ಕೇ ತಿಳಿ ಕೆಂಪಿಗೆ ತಿರುಗಿತು. ಹುಳಿ ಬಿದ್ದರೆ ಚಹಾದ ಬಣ್ಣ ತಿಳಿಯಾಗುವುದು ಸಹಜ. ಕಲಬೆರಕೆಯ ಲಕ್ಷಣ ಅಲ್ಲ.

ಹಾಗಾದರೆ ಶಿರಸಿಯಿಂದ ನೀರು ಹೊರಬೇಕಾ? ಬೇಡ. ನೀವು ಕುಡಿಯಲು ಬಳಸುವ ಫಿಲ್ಟರ್ ನೀರೋ ಕ್ಯಾನಿನ ನೀರೋ ಸಾಕು. ಬರೀ ಕುದಿಸಿದರೆ ಗಡಸುತನ ಸ್ವಲ್ಪ ಇಳಿಯುತ್ತದೆ, ಪಾತ್ರೆಯ ತಳಕ್ಕೆ ಬಿಳಿ ಹಿಟ್ಟಿನ ಹಾಗೆ ಅಂಟುವುದು ಅದೇ. ಆದರೆ ಉಪ್ಪು ಕುದಿಸಿದರೆ ಹೋಗುವುದಿಲ್ಲ. ಬೇಸಿಗೆಯ ಬಾವಿ ನೀರಿನಲ್ಲಿ ಐಸ್ ಟೀ ಬೇಡ.

ಇನ್ನು ಆ ‘ಟಪ್’. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನಗೂ ಈ ಪಾಠ ಕಷ್ಟಪಟ್ಟೇ ಸಿಕ್ಕಿದ್ದು. ಬಹಳ ವರ್ಷದ ಹಿಂದೆ ನಮ್ಮ ಮನೆಯ ಉಪನಯನಕ್ಕೆ ಬಂದವರ ಆಸರಿಗೆ, ಅಂದರೆ ಬಾಯಾರಿಕೆಗೆ ಅಂತ ಮಾವಿನ ಚಹಾ ಮಾಡಿದ್ದೆ. ಬೆಳಿಗ್ಗೆಯೇ ಹಣ್ಣಿನ ರಸ ಬೆರೆಸಿ ದೊಡ್ಡ ಸ್ಟೀಲಿನ ಡಬ್ಬದಲ್ಲಿ ತುಂಬಿಸಿ ನೆರಳಲ್ಲಿ ಇಟ್ಟೆ. ಮಧ್ಯಾಹ್ನದ ಊಟ ಮುಗಿದು ಮುಚ್ಚಳ ತೆಗೆದಾಗ ಅಂಚಿಗೆ ಸಣ್ಣ ಸಣ್ಣ ಗುಳ್ಳೆ, ಹಣ್ಣಿನ ವಾಸನೆಯ ಜೊತೆ ಹುಳಿ ಹಿಟ್ಟಿನ ವಾಸನೆ. ಅಷ್ಟನ್ನೂ ತೋಟಕ್ಕೆ ಚೆಲ್ಲಿ, ಅವಸರದಲ್ಲಿ ಮಜ್ಜಿಗೆ ಮಾಡಿದೆವು. ಆವತ್ತಿನಿಂದ ನನ್ನದು ಒಂದೇ ನಿಯಮ. ಚಹಾ ಬೇರೆ, ಹಣ್ಣು ಬೇರೆ. ಎರಡೂ ಸೇರುವುದು ಕುಡಿಯುವ ಲೋಟದಲ್ಲಿ ಮಾತ್ರ.

ಹಣ್ಣಿನ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟ್ ಇದ್ದೇ ಇರುತ್ತದೆ. ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತದೆ. ಹಸಿ ರಸದ ಜೊತೆ ಅದು ಬಾಟಲಿಗೆ ಹೋಗುತ್ತದೆ. ಅಲ್ಲಿ ಸಕ್ಕರೆ ಇದೆ, ನೀರಿದೆ. ಫ್ರಿಜ್ 5 ಡಿಗ್ರಿಗಿಂತ ಕೆಳಗೆ ಇರುವವರೆಗೆ ಅದು ನಿಧಾನ. ಕರೆಂಟ್ ಹೋಗಿ ಬಾಟಲಿ ಬೆಚ್ಚಗಾಯಿತು ಅಂದರೆ ಸಕ್ಕರೆ ತಿಂದು ಗಾಳಿ ಬಿಡಲು ಶುರು. ಆ ಗಾಳಿಯೇ ನಿಮ್ಮ ‘ಟಪ್’. ಗೇರುಹಣ್ಣಿನ ರಸ ಒಂದು ದಿನ ಇಟ್ಟರೆ ಏನಾಗುತ್ತದೆ ಅಂತ ನಮ್ಮ ಕರಾವಳಿಯವರಿಗೆ ಗೊತ್ತಲ್ಲ. ಗೋವಾದವರು ಫೆನ್ನಿ ಮಾಡುವುದೂ ಇದೇ ಗುಣವನ್ನು ನಂಬಿಕೊಂಡು.

ಯೀಸ್ಟ್ ಒಂದೇ ಆಗಿದ್ದರೆ ಇಷ್ಟು ಹೆದರಿಸುತ್ತಿರಲಿಲ್ಲ. ಯೀಸ್ಟ್ ಬೆಳೆಯುವಷ್ಟು ಬೆಚ್ಚಗಿದ್ದ ಕಡೆ ಬೇರೆ ಬ್ಯಾಕ್ಟೀರಿಯಾಗಳೂ ಬೆಳೆದಿರಬಹುದು. ಅವುಗಳಿಗೆ ಶಬ್ದವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಗುಳ್ಳೆ, ಹುಳಿ ವಾಸನೆ, ಲೋಳೆ, ದಾರದ ಹಾಗೆ ಎಳೆ ಕಂಡರೆ ಬಾಯಿಗಿಟ್ಟು ಪರೀಕ್ಷೆ ಮಾಡಬೇಡಿ. ಮತ್ತೆ ಕುದಿಸಿ ಉಳಿಸುವ ಪ್ರಯತ್ನವೂ ಬೇಡ. ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ. ಗಾಜಿನ ಬಾಟಲಿ ಆಗಿದ್ದರೆ ಮುಚ್ಚಳದ ಮೇಲೆ ಬಟ್ಟೆ ಹಾಕಿ, ಮುಖ ದೂರ ಇಟ್ಟುಕೊಂಡು ನಿಧಾನವಾಗಿ ತೆಗೆಯಿರಿ. ಒಳಗಿನ ಒತ್ತಡಕ್ಕೆ ಗಾಜು ಸಿಡಿದದ್ದನ್ನು ನೋಡಿದ್ದೇನೆ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ತಂಗಳು ಚಹಾ ವಿಷ ಅನ್ನುವುದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಚಹಾ ತಣ್ಣಗಾದ ಮಾತ್ರಕ್ಕೆ ಅದರಲ್ಲಿ ವಿಷ ಹುಟ್ಟುವುದಿಲ್ಲ. ಆದರೆ ಅವರ ಕಾಲದಲ್ಲಿ ಎಲ್ಲರ ಮನೆಯಲ್ಲಿ ಫ್ರಿಜ್ ಎಲ್ಲಿತ್ತು? ಈ ಸೆಖೆಯಲ್ಲಿ, ಹಾಲು ಸಕ್ಕರೆ ಹಾಕಿದ ಚಹಾ ಒಲೆಕಟ್ಟೆಯ ಮೇಲೆ ರಾತ್ರಿ ಕಳೆದರೆ ಅದು ಕುಡಿಯುವಂಥದ್ದಲ್ಲ. ಅವರು ಕಂಡದ್ದನ್ನೇ ಹೇಳಿದ್ದಾರೆ. ಹಾಲಿಲ್ಲದ ಚಹಾವನ್ನು ಕೂಡ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಮನೆಯೊಳಗೇ 33, 34 ಡಿಗ್ರಿ ಇರುವ ದಿನ ಒಂದು ಗಂಟೆಗೇ ಎತ್ತಿ ಫ್ರಿಜ್‌ಗಿಡಿ. ಹಣ್ಣು ಬೆರೆಸದ ಚಹಾ ಫ್ರಿಜ್‌ನಲ್ಲಿ ಎರಡು ದಿನ ಧಾರಾಳವಾಗಿ ಇರುತ್ತದೆ. ನಾನು ಮೂರನೇ ದಿನಕ್ಕೆ ಇಡುವುದಿಲ್ಲ. ಬಾಟಲಿಯನ್ನು ಫ್ರಿಜ್ ಬಾಗಿಲಿನಲ್ಲಿ ಬೇಡ, ಒಳಗೆ ಹಿಂದುಗಡೆ ಇಡಿ. ಮಕ್ಕಳು ಇಪ್ಪತ್ತು ಸಲ ತೆಗೆಯುವ ಬಾಗಿಲು ಫ್ರಿಜ್‌ನ ಅತಿ ಬೆಚ್ಚಗಿನ ಜಾಗ.

ಚಹಾಕ್ಕೆ ಹಣ್ಣು ಸೇರಬಾರದು ಅನ್ನುವುದು ಹಾಲಿನ ಚಹಾದ ಮಟ್ಟಿಗೆ ಸರಿ. ಹುಳಿ ಬಿದ್ದರೆ ಹಾಲು ಒಡೆಯುತ್ತದೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಬೇರೆ ಇದೆ, ಅದು ಹಾಲಿನ ಪ್ರೋಟೀನನ್ನು ತುಂಡರಿಸಿ ಕಹಿ ಮಾಡುತ್ತದೆ. ಅನಾನಸ್ ತಿಂದ ಮೇಲೆ ನಾಲಿಗೆ ಚುರುಚುರು ಅನ್ನುವುದರಲ್ಲೂ ಅದರ ಕೈವಾಡ ಇದೆ. ಕಪ್ಪು ಚಹಾದಲ್ಲಿ ಹಾಲೇ ಇಲ್ಲದ ಮೇಲೆ ಆ ತೊಂದರೆ ಇಲ್ಲ. ಲಿಂಬು ಚಹಾವನ್ನು ನಾವು ಕುಡಿಯುತ್ತಲೇ ಬಂದಿದ್ದೇವೆ ಅಲ್ವಾ? ಅದನ್ನು ತಣ್ಣಗೆ ಮಾಡಿದರೆ ಅರ್ಧ ಐಸ್ ಟೀ ಆಯಿತು. ಅಮೆರಿಕದಲ್ಲಿ 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದ ಬೇಸಿಗೆಯಲ್ಲಿ ಐಸ್ ಹಾಕಿದ ಚಹಾ ಜನಪ್ರಿಯವಾಯಿತು ಅನ್ನುತ್ತಾರೆ. ಅದಕ್ಕೂ ಮೊದಲೇ ಅಲ್ಲಿನ ಮನೆಗಳಲ್ಲಿ ಅದನ್ನು ಮಾಡುತ್ತಿದ್ದರು. ಪಾನಕ ಗೊತ್ತಿದ್ದ ನಮಗೆ ಇದು ತೀರಾ ಹೊಸದೇನಲ್ಲ.

ಮಾಡುವ ಬಗೆ ಹೇಳುತ್ತೇನೆ. ಒಂದು ಲೀಟರಿಗೆ ಅಳತೆ. ಅರ್ಧ ಲೀಟರ್ ಒಳ್ಳೆಯ ನೀರು ಕುದಿಸಿ ಒಲೆ ಆರಿಸಿ. ಆರಿಸಿದ ಮೇಲೆಯೇ ಚಹಾ ಹಾಕಬೇಕು. ಎಲೆ ಚಹಾ ಸಿಕ್ಕಿದರೆ 8ರಿಂದ 10 ಗ್ರಾಂ ಹಾಕಿ ಮುಚ್ಚಿ, 4 ನಿಮಿಷ. ನೀಲಗಿರಿಯ ಎಲೆ ಚಹಾ ತಣ್ಣಗಾದರೂ ಅಷ್ಟಾಗಿ ಕದಡುವುದಿಲ್ಲ, ಐಸ್ ಟೀಗೆ ನನ್ನ ಆಯ್ಕೆ ಅದೇ. ಮನೆಯ ಸಿಟಿಸಿ ಪುಡಿಯೇ ಇದ್ದರೆ ಸಪಾಟಾಗಿ ಎರಡು ಚಹಾ ಚಮಚ, 2 ನಿಮಿಷ ಸಾಕು. ಗಡಿಯಾರ ನೋಡಿಕೊಳ್ಳಿ. ಸೋಸುವಾಗ ಚರಟವನ್ನು ಚಮಚದಿಂದ ಒತ್ತಬೇಡಿ, ಕಹಿಯೆಲ್ಲ ಆ ಕೊನೆಯ ಹನಿಗಳಲ್ಲಿ ಬರುತ್ತದೆ. ಸಕ್ಕರೆ ಹಾಕುವುದಾದರೆ ಬಿಸಿ ಇದ್ದಾಗಲೇ ಹಾಕಿ ಕರಗಿಸಿ. ಆಮೇಲೆ ಕುದಿಸಿ ಆರಿಸಿಟ್ಟ ಅರ್ಧ ಲೀಟರ್ ನೀರು ಸೇರಿಸಿ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟು, ಬಿಸಿ ಆರಿದ ಮೇಲೆ ಫ್ರಿಜ್‌ಗೆ. ಬಿಸಿ ಬಿಸಿ ಗಟ್ಟಿ ಚಹಾವನ್ನು ಸೀದಾ ಫ್ರಿಜ್‌ಗಿಟ್ಟರೆ ಕದಡುವುದು ಖಚಿತ. ಹೀಗೆ ಮಾಡಿದರೂ ಸ್ವಲ್ಪ ಮಸುಕಾಯಿತು ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಕುಡಿಯಿರಿ.

ಇನ್ನೊಂದು ದಾರಿ ತಣ್ಣೀರಿನದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 10 ಗ್ರಾಂ ಎಲೆ ಚಹಾ ಹಾಕಿ ಮುಚ್ಚಿ, ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೋಸುವುದು. 8ರಿಂದ 10 ಗಂಟೆ. ತಣ್ಣೀರಿಗೆ ಒಗರೂ ಕೆಫೀನೂ ಕಡಿಮೆ ಇಳಿಯುತ್ತವೆ. ಹಾಗಾಗಿ ಕದಡುವುದಿಲ್ಲ, ಸಕ್ಕರೆಯೂ ಕಡಿಮೆ ಸಾಕು. ರುಚಿಯಲ್ಲಿ ಇದೇ ಒಂದು ಕೈ ಮೇಲು. ಆದರೆ ಇಲ್ಲಿ ಬಿಸಿ ತಾಗದ ಕಾರಣ ಎಲೆಯ ಮೇಲಿನ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ಫ್ರಿಜ್ ತಂಪು ಒಂದೇ ರಕ್ಷಣೆ. ಮಳೆಗಾಲದ ಮುಂಚಿನ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದು ಮಾಡುವ ದಿನಗಳಲ್ಲಿ ಇದು ಬೇಡ, ಮೊದಲಿನ ವಿಧಾನವೇ ಕ್ಷೇಮ.

ವಿಡಿಯೋಗಳಲ್ಲಿ ಬಿಸಿಲಲ್ಲಿ ಗಾಜಿನ ಭರಣಿ ಇಟ್ಟು ಚಹಾ ಮಾಡುವುದನ್ನು ತೋರಿಸುತ್ತಾರೆ. ದಯವಿಟ್ಟು ಮಾಡಬೇಡಿ. ಬಿಸಿಲಿಗೆ ನೀರು ಕುದಿಯುವುದಿಲ್ಲ, ಬ್ಯಾಕ್ಟೀರಿಯಾ ಸಾಯುವಷ್ಟೂ ಬಿಸಿಯಾಗುವುದಿಲ್ಲ, ಬೆಳೆಯಲು ಬೇಕಾದಷ್ಟು ಬೆಚ್ಚಗಾಗುತ್ತದೆ. ನಮ್ಮಲ್ಲಿ ಮುರುಗಲು ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಡುತ್ತಾರಲ್ಲ, ಅದು ಹೇಗೆ ನಡೆಯುತ್ತದೆ ಅಂತ ಕೇಳಬಹುದು. ಅಲ್ಲಿ ಸಕ್ಕರೆ ಅತಿ ಗಟ್ಟಿ, ಹುಳಿಯೂ ಅತಿ ಗಟ್ಟಿ. ಎರಡೂ ಸೇರಿ ಕೆಡದಂತೆ ಕಾಯುತ್ತವೆ. ತೆಳ್ಳಗಿನ ಚಹಾದಲ್ಲಿ ಕಾಯುವವರಿಲ್ಲ.

ಈಗ ಹಣ್ಣುಗಳು. ನೀವು ಕೇಳಿದ ಮುರುಗಲಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಚಹಾಕ್ಕೆ ಇದರಷ್ಟು ಹೊಂದುವ ಹಣ್ಣು ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಮಾವಿನ ಹಾಗೆ ತಿರುಳಿಲ್ಲ, ಹಾಗಾಗಿ ತಳಕ್ಕೆ ಗಸಿ ಕೂರುವುದಿಲ್ಲ. ಹುಳಿ ಚೊಕ್ಕ. ಬಣ್ಣವಂತೂ ಕೇಳಬೇಡಿ. ಒಣಗಿದ ಸಿಪ್ಪೆ ಹತ್ತು ಹನ್ನೆರಡು ತೆಗೆದುಕೊಂಡು ತೊಳೆದು, ಒಂದು ಕಪ್ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಕೈಯಿಂದ ಕಿವುಚಿ ಸೋಸಿ. ಚಹಾವನ್ನು ಮೇಲೆ ಹೇಳಿದ ಅಳತೆಯ ಅರ್ಧದಷ್ಟು ತೆಳ್ಳಗೆ ಮಾಡಿ. ಹುಳಿಯೂ ಒಗರೂ ಎರಡೂ ಜೋರಾದರೆ ಹಲ್ಲು ಚುಳ್ಳೆನ್ನುತ್ತದೆ. ಲೋಟಕ್ಕೆ ಮೂರು ನಾಲ್ಕು ಚಮಚ ಮುರುಗಲು ನೀರು, ಬೆಲ್ಲ ಅಥವಾ ಸಕ್ಕರೆ, ಒಂದು ಚಿಟಿಕೆ ಜೀರಿಗೆ ಪುಡಿ, ಮೇಲೆ ಚಹಾ. ತವರಿನಲ್ಲಿ ಜೋನಿ ಬೆಲ್ಲ ಇದ್ದರೆ ಅದನ್ನೇ ಹಾಕಿ, ಕರಗಿಸುವ ಕೆಲಸವೇ ಇಲ್ಲ. ಮುರುಗಲನ್ನು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ನೆನೆಸಬೇಡಿ. ಆ ಹುಳಿಗೆ ಲೋಹ ಬಿಡುತ್ತದೆ. ಸ್ಟೀಲು, ಗಾಜು, ಪಿಂಗಾಣಿ ಸರಿ. ಸಿರಪ್ ಮಾಡಿಡುವವರು ಕೆಲವೊಮ್ಮೆ ಕೆಡದಿರಲಿ ಅಂತ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ ಹಾಕಿ, ಕೆಂಪು ಬಣ್ಣ ಮಾಸಿತು ಅಂತ ನನ್ನ ಹತ್ತಿರ ಬರುತ್ತಾರೆ. ಆ ಪುಡಿಯ ಗುಣವೇ ಬಣ್ಣ ತೆಗೆಯುವುದು. ನೀವು ವಾರಕ್ಕಾಗುವಷ್ಟು ಮಾಡಿ ಫ್ರಿಜ್‌ನಲ್ಲಿಟ್ಟುಕೊಂಡರೆ ಯಾವ ಪುಡಿಯೂ ಬೇಕಿಲ್ಲ.

ಅನಾನಸ್‌ಗೆ ಬನವಾಸಿ ಕಡೆಯ ಹಣ್ಣು ನಿಮಗೂ ಸಿಗುತ್ತದೆ. ಹಸಿ ರಸ ಬೇಡ, ಬೇಯಿಸಿ. ಅರ್ಧ ಕಿಲೋ ತುಂಡಿಗೆ ಕಾಲು ಕಿಲೋ ಸಕ್ಕರೆ, ಒಂದು ಕಪ್ ನೀರು ಹಾಕಿ ಹತ್ತು ನಿಮಿಷ ಕುದಿಸಿ. ಯೀಸ್ಟೂ ಸಾಯುತ್ತದೆ, ಆ ಚುರುಚುರು ಕಿಣ್ವವೂ ಹೋಗುತ್ತದೆ. ಬಿಸಿ ಇರುವಾಗಲೇ ಸೋಸಿ, ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಶೀಶೆಗೆ ತುಂಬಿಸಿ. ಶೀಶೆ ಬೆಚ್ಚಗಿರಲಿ, ಇಲ್ಲದಿದ್ದರೆ ಒಡೆಯುತ್ತದೆ. ಫ್ರಿಜ್‌ನಲ್ಲಿ ಐದಾರು ದಿನ ಬರುತ್ತದೆ. ಲೋಟಕ್ಕೆ ಎರಡು ದೊಡ್ಡ ಚಮಚ ಸಾಕು. ಉಳಿದ ತುಂಡುಗಳನ್ನು ಸಾಸಿವೆ ಗೊಜ್ಜಿಗೆ ಹಾಕಿ, ಎಸೆಯಬೇಡಿ.

ಮಾವು ಸ್ವಲ್ಪ ಕಷ್ಟದ ಹಣ್ಣು. ತಿರುಳಿನಲ್ಲಿರುವ ಪೆಕ್ಟಿನ್ ಅನ್ನುವ ಅಂಟಿನ ಅಂಶವೂ ಚಹಾದ ಒಗರೂ ಸೇರಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಲಿಂಬೆ, ಅನಾನಸ್‌ಗೆ ಹೋಲಿಸಿದರೆ ಪೂರ್ತಿ ಹಣ್ಣಾದ ಮಾವಿನಲ್ಲಿ ಹುಳಿ ಕಡಿಮೆ, ಹಾಗಾಗಿ ಕೆಡುವುದೂ ಬೇಗ. ಅಂಕೋಲೆಯ ಕರಿ ಈಶಾಡು ಕೈಗೆ ಬಂದರೆ ನಾನಾದರೆ ಚಹಾಕ್ಕೆ ಹಾಕುವುದಿಲ್ಲ. 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಹಣ್ಣದು, ಅದರ ಪರಿಮಳವನ್ನು ಒಗರಿನಲ್ಲಿ ಮುಳುಗಿಸುವುದು ಯಾಕೆ? ಸುಮ್ನೆ ಕೊಯ್ದು ತಿನ್ನಿ. ಚಹಾಕ್ಕೆ ಮಾವಿನಕಾಯಿ ಚೆನ್ನ. ಬೇಯಿಸಿ ಕಿವುಚಿ ಸೋಸಿದ ನೀರು, ಅಪ್ಪೆಹುಳಿಗೆ ಮಾಡುತ್ತೇವಲ್ಲ ಹಾಗೆ. ಹಣ್ಣೇ ಬೇಕೆಂದು ಮಕ್ಕಳು ಹಟ ಮಾಡಿದರೆ ಲೋಟದ ತಳಕ್ಕೆ ಎರಡು ಚಮಚ ತಿರುಳು ಹಾಕಿ, ಮೇಲೆ ತಣ್ಣನೆ ಚಹಾ ಬಗ್ಗಿಸಿ, ಆಗಲೇ ಕುಡಿಸಿ.

ಲಿಂಬೆರಸವನ್ನೂ ಲೋಟಕ್ಕೇ ಹಿಂಡಿ. ಮೊದಲೇ ಹಿಂಡಿಟ್ಟರೆ ಹೊತ್ತು ಹೋದಂತೆ ಕಹಿ ಬರುತ್ತದೆ. ಬೀಜ ಜಜ್ಜಿದರೆ ಇನ್ನೂ ಕಹಿ. ಕಲ್ಲಂಗಡಿಯಲ್ಲಿ ಹುಳಿ ಇಲ್ಲವೆನ್ನುವಷ್ಟು ಕಡಿಮೆ, ಅದರ ರಸವನ್ನು ಹತ್ತು ನಿಮಿಷವೂ ಇಡಬೇಡಿ, ಆಗಲೇ ಕುಡಿಯಿರಿ. ಗೇರುಹಣ್ಣು ಮಾತ್ರ ಬೇಡ. ಅದೇ ಒಗರು, ಚಹಾವೂ ಒಗರು, ಗಂಟಲು ಹಿಡಿಯುತ್ತದೆ.

ಐಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ನೆಂಟರು ಜಾಸ್ತಿ ಬಂದರು ಅಂತ ಮೀನಿಗೆ ಹಾಕುವ ಬ್ಲಾಕ್ ಐಸ್ ತರಿಸಿ, ಒಡೆದು ಪಾನಕಕ್ಕೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಮೀನು ಕೆಡದಿರಲಿ ಅಂತ ಮಾಡಿದ್ದು, ಮನುಷ್ಯರು ಕುಡಿಯಲಿ ಅಂತ ಅಲ್ಲ. ಆ ನೀರು ಎಲ್ಲಿಯದು, ಗೋಣಿ ಎಲ್ಲಿ ಎಳೆದದ್ದು ಯಾರಿಗೂ ಗೊತ್ತಿರುವುದಿಲ್ಲ. ಹೆಪ್ಪುಗಟ್ಟಿದರೆ ರೋಗಾಣು ಸಾಯುತ್ತದೆ ಅನ್ನುವುದೂ ತಪ್ಪು, ಬಹಳಷ್ಟು ಸುಮ್ಮನೆ ಕಾಯುತ್ತಾ ಇರುತ್ತವೆ. ಕುದಿಸಿ ಆರಿಸಿದ ನೀರಿನದೇ ಐಸ್ ಮಾಡಿ. ಚಹಾವನ್ನೇ ಟ್ರೇಗೆ ಹಾಕಿ ಗಟ್ಟಿ ಮಾಡಿಟ್ಟರೆ ಇನ್ನೂ ಒಳ್ಳೆಯದು, ಕರಗಿದರೂ ಲೋಟ ನೀರು ನೀರಾಗುವುದಿಲ್ಲ.

ಮಕ್ಕಳ ವಿಷಯ. ತಂಪಾಗಿದೆ, ಹಣ್ಣಿದೆ ಅಂದಮಾತ್ರಕ್ಕೆ ಅದು ಚಹಾ ಅಲ್ಲದೆ ಹೋಗುವುದಿಲ್ಲ. ಕೆಫೀನ್ ಇದ್ದೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಒಂದು ಸಲದ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ ಅಂತ ಹೇಳಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ ಪ್ರಕಾರ 5 ವರ್ಷದ ಒಳಗಿನವರಿಗೆ ಚಹಾ ಬೇಡವೇ ಬೇಡ. 5ರಿಂದ 9 ವರ್ಷದವರಿಗೆ ಕೊಟ್ಟರೂ ದಿನಕ್ಕೆ ಅರ್ಧ ಕಪ್, 10ರಿಂದ 18ರವರಿಗೆ ಒಂದು ಕಪ್, ಅಷ್ಟೇ. ನಿಮ್ಮ ಮಗನಿಗೆ ಮಧ್ಯಾಹ್ನ ಅರ್ಧ ಕಪ್ ಕೊಡಿ. ಸಂಜೆಯ ಮೇಲೆ ಬೇಡ, ನಿದ್ದೆ ಕೆಡುತ್ತದೆ.

ಸಕ್ಕರೆಯನ್ನೂ ಅಳೆದು ಹಾಕಿ. ದಿನಕ್ಕೆ ಮೇಲಿನಿಂದ ಹಾಕುವ ಸಕ್ಕರೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಚಹಾ ಚಮಚದಲ್ಲಿ ಐದಾರು. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುವುದರಿಂದ ಕೈ ತಪ್ಪಿ ಜಾಸ್ತಿ ಬೀಳುತ್ತದೆ. ಅಂಗಡಿಯ ಐಸ್ ಟೀ ಪುಡಿ ಬೇಡ ಅಂದದ್ದು ಒಳ್ಳೆಯ ತೀರ್ಮಾನ. ಪೊಟ್ಟಣದ ಹಿಂದೆ ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಜಾಸ್ತಿ ಇರುವುದು ಮೊದಲು. ಮೊದಲ ಹೆಸರು ಓದಿ ನೋಡಿ, ಸಾಮಾನ್ಯವಾಗಿ ಸಕ್ಕರೆಯೇ.

ಮಗಳ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಬಿಗಿ. ಚಹಾದ ಒಗರು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಸೊಪ್ಪು, ಬೇಳೆ, ಮಾತ್ರೆ ಯಾವುದರಿಂದ ಬಂದ ಕಬ್ಬಿಣವೇ ಆಗಲಿ, ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಹಾ ಬೇಡ ಅಂತ ಅದೇ 2024ರ ಮಾರ್ಗಸೂಚಿ ಎಲ್ಲರಿಗೂ ಹೇಳಿದೆ. ಮಾತ್ರೆಯ ಆಸುಪಾಸು ಎರಡು ಗಂಟೆ ಬಿಡಿ. ಊಟದ ಜೊತೆ ತಂಪಾಗಿ ಏನಾದರೂ ಬೇಕು ಅಂತ ಅವಳು ಕೇಳಿದರೆ ಲಿಂಬು ಪಾನಕವೇ ಸರಿ. ಅದರಲ್ಲಿನ ವಿಟಮಿನ್ ಸಿ ಕಬ್ಬಿಣ ಹತ್ತಲು ಸಹಾಯ ಮಾಡುತ್ತದೆ. ರಕ್ತ ಸರಿಯಾಗುವವರೆಗೆ ಅವಳಿಗೆ ಚಹಾ ಇಲ್ಲದ ಮುರುಗಲು ಪಾನಕವನ್ನೇ ಕೊಟ್ಟರೆ ನನಗೆ ಸಮಾಧಾನ. ಅದೇ ಕೆಂಪು, ಅದೇ ಲೋಟ, ಅದೇ ಐಸ್. ತಮ್ಮನಿಗೆ ಕೊಟ್ಟು ತನಗೆ ಕೊಡಲಿಲ್ಲ ಅನ್ನಿಸುವುದಿಲ್ಲ. ಮಾತ್ರೆ ಮುಗಿದ ಮೇಲೆ ಡಾಕ್ಟರನ್ನು ಕೇಳಿ ಮುಂದಿನದು ನೋಡಿ.

ಬಾಟಲಿಯ ವಿಷಯ ಬಿಟ್ಟುಹೋಯಿತು. ತಂಪುಪಾನೀಯದ ಹಳೆ ಪ್ಲಾಸ್ಟಿಕ್ ಬಾಟಲಿಗೆ ಕೈ ಹೋಗುವುದಿಲ್ಲ, ಬ್ರಷ್ಷೂ ಸರಿಯಾಗಿ ತಾಗುವುದಿಲ್ಲ. ಹೋದ ಸಲದ ಯೀಸ್ಟ್ ಅಲ್ಲೇ ಕೂತಿರುತ್ತದೆ. ನಿಮ್ಮ ಆ ಎರಡು ಲೀಟರಿನ ಬಾಟಲಿ ಅಂಥದ್ದಾದರೆ ಅದನ್ನು ಮತ್ತೆ ಬಳಸಬೇಡಿ. ಅಗಲ ಬಾಯಿಯ ಗಾಜಿನ ಭರಣಿ ತೆಗೆದುಕೊಳ್ಳಿ, ಬಿಸಿ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿ ಒಣಗಿಸಿ.

ಮುಂದಿನ ಸಲ ತವರಿಗೆ ಹೋದಾಗ ನೀರಿನ ಕ್ಯಾನ್ ಬೇಡ, ಮುರುಗಲು ಸಿಪ್ಪೆ ತನ್ನಿ. ಕೆಲವರು ಉಪ್ಪು ಹಾಕಿ ಒಣಗಿಸಿರುತ್ತಾರೆ, ಅದು ಸಾರಿಗೆ ಸರಿ, ಚಹಾಕ್ಕಲ್ಲ. ಉಪ್ಪು ಹಾಕದ್ದು ಇದೆಯಾ ಅಂತ ಅಮ್ಮನನ್ನು ಕೇಳಿ. ಮಳೆ ಹಿಡಿಯುವ ಮುಂಚೆ ಒಣಗಿಸಿದ್ದಾಗಿರಲಿ, ಮಡಚಿದರೆ ಚರ್ಮದ ಹಾಗೆ ಬಾಗಬೇಕು, ಕೈಗೆ ಅಂಟಬಾರದು. ಗಾಳಿಯಾಡದ ಡಬ್ಬದಲ್ಲಿಟ್ಟರೆ ಬರುವ ಬೇಸಿಗೆಯವರೆಗೂ ಇರುತ್ತದೆ.